ಹಣಮವ್ವ ಕಾಯ್ದ ದೇವರ ಜೋಳ

ಕುಷ್ಟಗಿ ಕಡೆಯವರಾದ ನಮ್ಮ ಪಕ್ಕದ ಮನೆಯವರು ಹೋದ ವಾರ ಊರಿಗೆ ಹೋಗಿ ಬರುವಾಗ ನನಗೂ ಒಂದು ಸಣ್ಣ ಚೀಲ ಜೋಳ ತಂದುಕೊಟ್ಟರು. ಮುನಿರಾಬಾದಿನ ಈ ಕಾಲನಿಗೆ ಬಂದಮೇಲೆ ನಮಗೆ ಕೊಂಡು ತಂದ ಜೋಳವೇ ಗತಿ. ಅದಕ್ಕೆ ಗೋಣಿಯ ವಾಸನೆ ಬಿಟ್ಟರೆ ಬೇರೆ ವಾಸನೆ ಇರುವುದಿಲ್ಲ. ಈ ಚೀಲದ ಬಾಯಿ ಬಿಚ್ಚಿದ ಕೂಡಲೇ ಒಣಗಿದ ಬೇವಿನೆಲೆ, ಕುಳ್ಳಿನ ಬೂದಿ, ವರ್ಷ ಕಳೆದ ಜೋಳದ ಬೆಚ್ಚಗಿನ ಕಮಟು ಮೂರೂ ಒಟ್ಟಿಗೆ ಎದ್ದು ಬಂದವು. ಮೊರ ಹಿಡಿದವಳು ಹಾಗೆಯೇ ಕೂತುಬಿಟ್ಟೆ. ನಮ್ಮವರು ಚಹಾ ಕೇಳಲು ಬಂದವರು ಯಾಕೆ ಎಂದರು. ಹಣಮವ್ವನ ವಾಡೆಯ ವಾಸನೆ ಅಂದೆ. ಅವರೂ ಒಂದು ಹಿಡಿ ಎತ್ತಿ ಮೂಸಿ ನೋಡಿ, ಚಹಾದ ಮಾತು ಬಿಟ್ಟು, ಎದುರಿಗೆ ಕೂತರು.

ಆಗ ನನಗೆ ಹತ್ತೊಂಬತ್ತು. ಮದುವೆಯಾಗಿ ಎರಡನೆಯ ವರ್ಷ. ಹೊರಗೆ ದೊಡ್ಡ ಯುದ್ಧ ನಡೆದಿತ್ತು. ನಮಗೆ ಅದು ಸೀಮೆಎಣ್ಣೆ ಸಿಗದ್ದರಿಂದ, ಸರಕಾರದವರು ಲೆವಿ ಜೋಳ ಅಳೆಸಿಕೊಂಡು ಹೋಗುವುದರಿಂದ ಗೊತ್ತಾಗುತ್ತಿತ್ತು. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಂಡಿದಾರಿಯ ಮೇಲೆ ಒಂದು ಊರು, ಊರಾಚೆ ಇಪ್ಪತ್ತೆರಡು ಮನೆಗಳ ಕೇರಿ. ಕೇರಿಯ ಅಷ್ಟೂ ಮನೆಯವರು ನಮ್ಮ ಕ್ರೈಸ್ತ ಸಭೆಯವರು. ನಮ್ಮವರು ವಾರದಲ್ಲಿ ಆರು ದಿನ ಅಲ್ಲಿನ ಮಿಶನ್ ಸಾಲೆಯ ಮಾಸ್ತರು, ಏಳನೆಯ ದಿನ ಉಪದೇಶಿ. ಸಾಲೆ ಮತ್ತು ಪ್ರಾರ್ಥನೆಯ ಗುಡಿ ಎರಡೂ ಒಂದೇ ಕೋಣೆ. ಮಣ್ಣಿನ ಗೋಡೆ, ಮಾಳಿಗೆ, ಮೂಲೆಯಲ್ಲಿ ಎದೆಯೆತ್ತರದ ಮೂರು ಮಣ್ಣಿನ ಕಣಜ. ಅವಕ್ಕೆ ವಾಡೆ ಅನ್ನುತ್ತಿದ್ದರು. ಅವುಗಳಲ್ಲಿ ಇದ್ದದ್ದು ದೇವರ ಜೋಳ.

ದೇವರ ಜೋಳ ಹೇಗೆ ಕೂಡುತ್ತಿತ್ತು ಎಂದು ಹೇಳಬೇಕು. ಬೀಸಲು ಕೂತಾಗ ಪ್ರತಿ ಹೆಂಗಸೂ ಒಂದು ಹಿಡಿ ಜೋಳ ತೆಗೆದು ಗಡಿಗೆಗೆ ಹಾಕಬೇಕು. ಏಳು ದಿನದ ಏಳು ಹಿಡಿ ಎಂದರೆ ಹೆಚ್ಚುಕಡಿಮೆ ಅರ್ಧ ಸೇರು. ಶನಿವಾರ ಇಳಿಹೊತ್ತಿಗೆ ಹಣಮವ್ವ ಬುಟ್ಟಿ ಹೊತ್ತು ಬರುತ್ತಿದ್ದಳು. ಬುಟ್ಟಿಯ ಮೇಲೆ ಒಂದು ಹಳೆಯ ಕಪ್ಪು ಸೀರೆಯ ತುಂಡು. ಮನೆಯಾಕೆ ಉಡಿಯಲ್ಲಿ ಜೋಳ ಹಿಡಿದು ಬಾಗಿಲಿಗೆ ಬಂದು, ಆ ಬಟ್ಟೆಯ ಅಡಿಯಲ್ಲಿ ಉಡಿ ಸುರಿಯುತ್ತಿದ್ದಳು. ಯಾರದೆಷ್ಟು ಯಾರಿಗೂ ಕಾಣುತ್ತಿರಲಿಲ್ಲ. ಹಣಮವ್ವ "ಬಂತವ್ವ" ಎಂದು ಮುಂದಿನ ಮನೆಗೆ ನಡೆಯುತ್ತಿದ್ದಳು. ಕೇರಿ ಮುಗಿದಮೇಲೆ ಗುಡಿಗೆ ಬಂದು ಅಳೆದು ವಾಡೆಗೆ ಸುರಿದು, ಒಳಗೋಡೆಯ ಮೇಲೆ ಸುಣ್ಣದಲ್ಲಿ ಬೆರಳದ್ದಿ ಮನೆಗೊಂದು ಗೀಟು ಎಳೆಯುತ್ತಿದ್ದಳು. ಇಪ್ಪತ್ತೆರಡು ಮನೆಗೆ ಇಪ್ಪತ್ತೆರಡು ಸಾಲು. ಅಕ್ಷರ ಬಾರದಾಕೆ, ಆದರೆ ಯಾವ ಸಾಲು ಯಾವ ಮನೆಯದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಅರವತ್ತರ ಹತ್ತಿರದ ಒಂಟಿ ಹೆಂಗಸು, ಬಾಗದ ಬೆನ್ನು. ದೀಕ್ಷಾಸ್ನಾನದಲ್ಲಿ ಆಕೆಗೆ ಮಾರ್ಥಾ ಎಂದು ಹೆಸರಿಟ್ಟಿದ್ದರು. ನಾನು ಹೊಸದರಲ್ಲಿ ಹಾಗೆ ಕರೆದರೆ ಹಿಂದೆ ಮುಂದೆ ನೋಡಿ, ಯಾರನ್ನು ಕರೆದಿರಿ ಎಂದು ಕೇಳಿದ್ದಳು. "ಆ ಹೆಸರು ದೇವರ ಪುಸ್ತಕದಾಗ ಇರ್ಲಿರಿ ಅಮ್ಮಾರ. ಕೇರ್ಯಾಗ ನಾ ಹಣಮವ್ವನ." ಕಿಲಕಿಲ ನಗುವವಳಲ್ಲ, ಆದರೆ ಹೀಗೆ ಅಂದು ತುಟಿಯ ಒಂದು ಬದಿ ಮಾತ್ರ ಎತ್ತುತ್ತಿದ್ದಳು. ನನಗೆ ರೊಟ್ಟಿ ತೆಳ್ಳಗೆ ಬಡಿಯಲು ಕಲಿಸಿದವಳು, ಮೊದಲ ಬಸಿರು ನಿಲ್ಲದೆ ಹೋದಾಗ ಹದಿನೈದು ದಿನ ನನ್ನ ಬೆನ್ನಿಗೆ ಬಿಸಿನೀರು ಹೊಯ್ದವಳು ಅವಳೇ. ತವರು ದೂರವಿದ್ದ ನನಗೆ ಆಕೆ ಏನಾಗಿದ್ದಳು ಎಂದು ಆಗ ನಾನು ಯೋಚಿಸಿದವಳಲ್ಲ.

ಆ ಜೋಳ ಮನೆಮನೆಯ ಬದುಕೂ ಆಗಿತ್ತು. ಸುಗ್ಗಿ ಹಬ್ಬದಲ್ಲಿ ವಾಡೆ ತೆಗೆದು ಅರ್ಧ ಮಾರಿ ಸಭೆಯ ಖರ್ಚಿಗೆ ಇಡುತ್ತಿದ್ದರು. ಉಳಿದರ್ಧ ಮಳೆಗಾಲದಲ್ಲಿ ಕೂಲಿ ಇಲ್ಲದ ಮನೆಗೆ ಕಡ. ಒಂದು ಸೇರು ಒಯ್ದರೆ ಸುಗ್ಗಿಗೆ ಒಂದು ಸೇರೇ ತಿರುಗಿ ಕೊಡಬೇಕು, ಮೇಲೊಂದು ಕಾಳಿಲ್ಲ. ಊರೊಳಗೆ ಹೋಗಿ ಯಾರ ಅಂಗಳದಲ್ಲೂ ಕೈಯೊಡ್ಡಿ ನಿಲ್ಲಬೇಕಿರಲಿಲ್ಲ. ಮಾರಿದ ದುಡ್ಡು, ಕಾಣಿಕೆ ದುಡ್ಡು ನಮ್ಮವರು ಕಿನ್ನಾಳದಿಂದ ತಂದ ಗಿಳಿಯ ಚಿತ್ರದ ಪೆಟ್ಟಿಗೆಯಲ್ಲಿರುತ್ತಿತ್ತು. ನಿಜಾಮ ಸರಕಾರದ ಹಾಲಿ ರೂಪಾಯಿಯದೊಂದು ಗಂಟು, ಇಂಗ್ಲಿಷರ ಕಲ್ದಾರದ್ದೊಂದು ಗಂಟು. ಉಪದೇಶಿಯ ಮನೆಯವರು ಮಾತ್ರ ಆ ವಾಡೆಯಿಂದ ಕಡ ಕೇಳಬಾರದು ಎಂಬುದು ನಮ್ಮವರೇ ಮಾಡಿಕೊಂಡ ನೇಮ. ಆ ವರ್ಷ ಶ್ರಾವಣದಲ್ಲಿ ಮಿಶನ್ನಿನ ಸಂಬಳ ಎರಡು ತಿಂಗಳು ತಡವಾದಾಗ ನಾವು ನವಣೆಯ ಗಂಜಿ ಕುಡಿದೆವು. ಗುಡಿಯಲ್ಲಿ ವಾಡೆಗಳು ತುಂಬುತ್ತ ಬಂದಿದ್ದವು. ನಾನು ದಿನಾ ಅವುಗಳ ಸುತ್ತ ಕಸ ಹೊಡೆಯುತ್ತಿದ್ದೆ.

ಅದೇ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕರಿ ಮಣ್ಣು ಕಾಲು ಕಚ್ಚಿಕೊಂಡು, ಹೊಲಕ್ಕೆ ಕಳೆ ತೆಗೆಯಲು ಯಾರೂ ಕರೆಯಲಿಲ್ಲ. ವಾರಗಟ್ಟಲೆ ಕೂಲಿ ನಿಂತಿತು. ಹಿಂದಿನ ಸುಗ್ಗಿಯಲ್ಲಿ ಲೆವಿ ಕೊಟ್ಟು ಸಭೆಗೆ ಏನೂ ಉಳಿದಿರಲಿಲ್ಲವಾದ್ದರಿಂದ ಹಿರಿಯರು ಆ ವರ್ಷ ಕಡ ಕೊಡುವುದು ಬೇಡ, ಒಮ್ಮೆ ವಾಡೆ ತುಂಬಲಿ ಎಂದು ತೀರ್ಮಾನಿಸಿದ್ದರು. ಆದರೂ ಶನಿವಾರ ಹಣಮವ್ವ ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಬುಟ್ಟಿ ತಪ್ಪಿಸಲಿಲ್ಲ. ಗೋಡೆಯ ಮೇಲೆ ಗೀಟೂ ತಪ್ಪಲಿಲ್ಲ.

ಚಳಿ ಬಿಡುವ ಹೊತ್ತಿಗೆ ಗಂಗಾವತಿಯಿಂದ ಅಯ್ಯನವರ ಕಾಗದ ಬಂತು. ಸುತ್ತಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಪಾದ್ರಿಗಳು ಅವರು. ಯುದ್ಧದಿಂದಾಗಿ ಹೊರಗಿನ ಹಣ ನಂಬುವ ಹಾಗಿಲ್ಲ, ಪ್ರತಿ ಸಭೆಯೂ ತನ್ನ ಕಾಲ ಮೇಲೆ ನಿಲ್ಲಬೇಕು. ಲೆಕ್ಕ ಪುಸ್ತಕದಲ್ಲಿ ಸರಿಯಾಗಿಟ್ಟ ಸಭೆ ತನ್ನ ಜೋಳ ತಾನೇ ಇಟ್ಟುಕೊಳ್ಳಲಿ, ಇಡಲಾರದ ಸಭೆ ಗಂಗಾವತಿಗೆ ತಂದೊಪ್ಪಿಸಲಿ ಎಂದು ಬರೆದಿದ್ದರು. ಸುಗ್ಗಿ ಹಬ್ಬಕ್ಕೆ ತಾವೇ ಬಂದು ನೋಡುವುದಾಗಿಯೂ ಇತ್ತು. ಗಂಗಾವತಿಗೆ ಹೋದ ಜೋಳ ಮಳೆಗಾಲದಲ್ಲಿ ಕೇರಿಗೆ ತಿರುಗಿ ಬರುವುದುಂಟೆ? ಕಾಗದ ಓದಿದ ದಿನ ಕೇರಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಉಪದೇಶಿಯೇ ಬರೆದರೆ ಮಾತು ಬರುತ್ತದೆ ಎಂದು ನಮ್ಮವರು ಹಿಂಜರಿದರು. ಅವರನ್ನು ಬಿಟ್ಟರೆ ಕೇರಿಯಲ್ಲಿ ಗುಣಾಕಾರ ಬಲ್ಲವಳು ನಾನೊಬ್ಬಳೇ. ಬೋರ್ಡಿಂಗ್ ಸಾಲೆಯಲ್ಲಿ ಲೆಕ್ಕಕ್ಕೆ ನನಗೆ ಬಹುಮಾನ ಬಂದಿತ್ತು. ಕೆಂಪು ಶಾಯಿ, ಕಪ್ಪು ಶಾಯಿ, ಮರದ ಪಟ್ಟಿ ಇಟ್ಟುಕೊಂಡು ನಾಲ್ಕು ದಿನ ಗೋಡೆಯ ಎದುರು ಕೂತು ಗೀಟುಗಳನ್ನು ಎಣಿಸಿ ಇಳಿಸಿಕೊಂಡೆ. ಸಾಲುಗಳಲ್ಲಿ ಒಂದೂ ತೆರವಿರಲಿಲ್ಲ. ನನಗೆ ಹೆಮ್ಮೆಯಾಯಿತು. ಎರಡು ಗೀಟಿಗೆ ಒಂದು ಸೇರು ಎಂದು ಹಿಡಿದು ಅಡ್ಡಕ್ಕೂ ಉದ್ದಕ್ಕೂ ಕೂಡಿಸಿದೆ. ಎರಡೂ ಕಡೆಯಿಂದ ಐನೂರ ಐವತ್ತು ಸೇರು ಬಂತು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ಶನಿವಾರ ಬೆಳಿಗ್ಗೆ ಅಯ್ಯನವರು ಬಂಡಿಯಲ್ಲಿ ಬಂದರು. ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ. ಪುಸ್ತಕ ನೋಡಿ, ಇಂಥ ಅಕ್ಷರ ಗಂಗಾವತಿಯಲ್ಲೂ ಇಲ್ಲ ಅಂದರು. ಆಮೇಲೆ ವಾಡೆ ತೆಗೆಸಿ ಅಳೆಸಿದರು. ಅಳೆದವನು ದ್ಯಾವಪ್ಪ. ಸಭೆಯ ಹಿರಿಯ, ಚಪ್ಪಲಿ ಹೊಲಿಯುವವನು, ಬಾಯಿ ಸ್ವಲ್ಪ ಹರಿತ. ಮೊದಲ ಸೇರಿಗೆ ಒಂದು ಅನ್ನದೆ "ಲಾಭ" ಅಂದು ಶುರುಮಾಡಿ, ಎರಡು, ಮೂರು ಎಂದು ಹಾಡಿದ ಹಾಗೆ ಎಣಿಸುತ್ತ ಹೋದ. ಬೇವಿನೆಲೆ ಧೂಳೆದ್ದು ಎಲ್ಲರೂ ಕೆಮ್ಮುತ್ತಿದ್ದರು. ಐನೂರ ಹನ್ನೆರಡಕ್ಕೆ ಮೂರನೆಯ ವಾಡೆಯ ತಳ ಕಂಡಿತು. ದ್ಯಾವಪ್ಪ ಒಳಗೆ ಕೈ ಹಾಕಿ ಸವರಿ, ಬರಿಗೈ ತೆಗೆದ.

ಮೂವತ್ತೆಂಟು ಸೇರು ಕಡಿಮೆ.

ವಾಡೆಯ ಹತ್ತಿರ ಹೋಗುತ್ತಿದ್ದವಳು ಒಬ್ಬಳೇ ಎಂದು ಎಲ್ಲರಿಗೂ ಗೊತ್ತು. ನಮ್ಮವರು ಶನಿವಾರ ಗುಡಿಯ ಬೀಗ ತೆಗೆದುಕೊಟ್ಟು, ಹಣಮವ್ವ ಇದ್ದಾಳಲ್ಲ ಎಂದು ಹೊರಗೆ ಹೋಗಿಬಿಡುತ್ತಿದ್ದರು. ದ್ಯಾವಪ್ಪನೇ ಮೊದಲು ಬಾಯಿಬಿಟ್ಟ.

"ಇಲಿ ತಿಂದಿರಬೇಕ್ರಿ. ಈ ಕೇರ್ಯಾಗಿನ ಇಲಿ ಸೀರಿ ಉಡತಾವ."

ಒಂದಿಬ್ಬರು ನಕ್ಕರು. ಹಣಮವ್ವ ಗೋಡೆಗೆ ಒರಗಿ ನಿಂತಿದ್ದಳು. ಅಯ್ಯನವರು ಆಕೆಯನ್ನು ಕುಳ್ಳಿರಿಸಿ, ಇದಕ್ಕೇನು ಹೇಳುತ್ತೀಯವ್ವ ಎಂದು ಮೆಲ್ಲಗೆ ಕೇಳಿದರು.

"ಸೇರು ಸುಳ್ಳು ಹೇಳೂದಿಲ್ಲರಿ. ಬಂದದ್ದು ಇಷ್ಟ."

"ಮತ್ತ ಈ ಗೀಟು?"

"ಗೀಟು ನಾನ ಹಾಕೇನ್ರಿ."

ಅಷ್ಟೇ. ಆಮೇಲೆ ಎಷ್ಟು ಕೇಳಿದರೂ ನೆಲ ನೋಡುತ್ತ ಕೂತಳು. ನನ್ನ ಕಡೆ ಒಮ್ಮೆ ನೋಡಿದಳೋ ಇಲ್ಲವೋ, ನಾನು ಪುಸ್ತಕ ನೋಡುತ್ತಿದ್ದೆ. ಅಯ್ಯನವರು ಸೋಮವಾರ ಹೇಳುತ್ತೇನೆ ಎಂದರು. ಆದರೆ ಬಂಡಿಯವನಿಗೆ ಗಂಗಾವತಿಗೆ ಎಷ್ಟು ಚೀಲ ಹೇರಬಹುದು ಎಂದು ಕೇಳುತ್ತಿದ್ದದ್ದು ನಮ್ಮ ಮನೆಯೊಳಗೇ ಕೇಳಿಸಿತು.

ಭಾನುವಾರ ಸುಗ್ಗಿ ಹಬ್ಬ. ತೆನೆ, ಕುಂಬಳಕಾಯಿ, ಸಜ್ಜೆ ತಂದಿಟ್ಟರು, ಹಾಡಿದರು. ಹಣಮವ್ವ ದಿನದ ಜಾಗ ಬಿಟ್ಟು ಬಾಗಿಲ ಹತ್ತಿರ ಕೂತಿದ್ದಳು, ಆಕೆಯ ಎರಡು ಬದಿಗೂ ಒಂದಾಳು ಜಾಗ ತೆರವಿತ್ತು. ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ನಿಂಗವ್ವ ಬಂದಳು. ನಿಂಗವ್ವ ಎಂದರೆ ದ್ಯಾವಪ್ಪನ ಹೆಂಡತಿ. ಬಂದವಳು ಕೂಡಲಿಲ್ಲ, ನನ್ನ ಕೈಯಿಂದ ಬೂದಿ ತೆಗೆದುಕೊಂಡು ತಾನೂ ಒಂದು ತಟ್ಟೆ ತಿಕ್ಕಲು ಶುರುಮಾಡಿದಳು.

"ಅಮ್ಮಾರ, ಶ್ರಾವಣ ಹಿಡದು ಎಂಟು ವಾರ ನನ್ನ ಉಡಿ ಖಾಲಿ ಇತ್ರಿ."

ನನಗೆ ತಿಳಿಯಲಿಲ್ಲ. ಅವಳು ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. ಮನೆಯಲ್ಲಿ ಕಾಳಿರಲಿಲ್ಲ. ಬಾಗಿಲಿಗೆ ಹೋಗದಿದ್ದರೆ ನೆರೆಯವರಿಗೆ ಗೊತ್ತಾಗುತ್ತದೆ. ಸೆರಗನ್ನೇ ಮುದ್ದೆ ಮಾಡಿ ಉಡಿಯಲ್ಲಿ ಹಿಡಿದು ಬಟ್ಟೆಯ ಅಡಿಯಲ್ಲಿ ಬರಿದೇ ಕೊಡವಿದಳು. ಜೋಳ ಬಿದ್ದ ಸಪ್ಪಳವಾಗಲಿಲ್ಲ. ಹಣಮವ್ವ ಎಂದಿನ ಹಾಗೆಯೇ "ಬಂತವ್ವ" ಎಂದು ಹೋದಳು. ಮುಂದಿನ ವಾರವೂ ಹಾಗೆ. ಒಂದು ದಿನ ನೀರಿನ ದಾರಿಯಲ್ಲಿ ನಿಲ್ಲಿಸಿ, ಗೀಟು ಯಾಕೆ ಹಾಕುತ್ತೀ ಎಂದು ನಿಂಗವ್ವನೇ ಕೇಳಿದ್ದಳಂತೆ.

"ಏನಂದ್ಳು?"

"ನೀ ಬಾಗಿಲಿಗೆ ಬಂದಿದ್ದಿಯಲ್ಲ, ಗೀಟು ಬಂದದ್ದಕ್ಕ. ಜೋಳದ ಲೆಕ್ಕ ಬ್ಯಾರೆ ಐತಿ ಅಂದ್ಳು." ನಿಂಗವ್ವ ತಟ್ಟೆ ಬೋರಲು ಹಾಕಿದಳು. "ನಮ್ಮವನಿಗೆ ಇದು ಗೊತ್ತಿಲ್ರಿ. ಗೊತ್ತಾದ್ರ ನನ್ನ ಚರ್ಮ ಸುಲೀತಾನ. ಆದ್ರೂ ಅಯ್ಯನವರಿಗೆ ಹೇಳ್ರಿ. ಆಕಿ ಹೆಸರು ಹೋಗೂದಕಿಂತ ನಂದು ಹೋಗ್ಲಿ."

ಒದ್ದೆ ಕೈ ಸೀರೆಗೆ ಒರೆಸಿಕೊಂಡು ನಾನು ಗುಡಿಗೆ ಓಡಿದೆ. ಜೋಳದ ಲೆಕ್ಕ ಬೇರೆ ಎಂದರೆ ಎಲ್ಲಿ? ವಾಡೆಗಳ ಹಿಂದೆ, ಗೋಡೆಯ ಸಂದಿಯಲ್ಲಿ, ನಾನು ವರ್ಷವಿಡೀ ಕಸ ಹೊಡೆಯುವಾಗ ಸರಿಸಿ ಸರಿಸಿ ಇಡುತ್ತಿದ್ದ ಒಂದು ಹಳೆಯ ಕೊಡವಿತ್ತು. ಅದರ ತುಂಬ ಹಳ್ಳದ ಹರಳು. ಯಾರೋ ಮಕ್ಕಳು ಆಡಲು ತಂದದ್ದು ಎಂದುಕೊಂಡಿದ್ದೆ. ನಮ್ಮವರನ್ನು ಕೇಳಿದೆ. ಹೌದು, ಸೇರಿಗೊಂದು ಹರಳು ಹಾಕುವುದನ್ನು ಒಂದೆರಡು ಸಲ ನೋಡಿದ್ದೆ, ಮುದುಕಿಯ ರೂಢಿ ಎಂದುಕೊಂಡೆ ಅಂದರು. ಅವರ ಮುಖ ಸಣ್ಣದಾಯಿತು. ಹಣಮವ್ವ ಆ ಕೊಡವನ್ನು ಶನಿವಾರವೇ ಯಾಕೆ ಮುಂದಿಡಲಿಲ್ಲ ಎಂದು ಇಬ್ಬರಿಗೂ ಆಗ ಹೊಳೆಯಿತು. ಹರಳು ಎಣಿಸಿದರೆ ಜೋಳ ಸರಿ ಎಂದಾಗುತ್ತದೆ. ಹಾಗಾದರೆ ಸುಳ್ಳಾದ ಗೀಟು ಯಾರ ಮನೆಯದು ಎಂಬುದೇ ಮುಂದಿನ ಪ್ರಶ್ನೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಕೂಡಿದಾಗ ನಾನು ಎದ್ದು ನಿಂತೆ. ಸಭೆಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ಕೊಡವನ್ನು ಅಯ್ಯನವರ ಮುಂದೆ ಇಟ್ಟು, ತಪ್ಪು ಹಣಮವ್ವನದಲ್ಲ, ನನ್ನದು ಅಂದೆ. ಗೋಡೆಯ ಗೀಟು ಯಾರು ಬಾಗಿಲಿಗೆ ಬಂದರು ಎಂಬುದರ ಗುರುತು. ನಾನು ಅದನ್ನು ಅರ್ಧ ಸೇರು ಎಂದು ಗುಣಿಸಿ ಇಲ್ಲದ ಜೋಳವನ್ನು ಪುಸ್ತಕದಲ್ಲಿ ಹುಟ್ಟಿಸಿದೆ. ಸೇರಿನ ಲೆಕ್ಕ ಈ ಹರಳಿನದು, ಎಣಿಸಿ ನೋಡಿ ಅಂದೆ. ಅಯ್ಯನವರು ದ್ಯಾವಪ್ಪನಿಗೇ ಎಣಿಸಲು ಹೇಳಿದರು. ಅವನು ಇಪ್ಪತ್ತಿಪ್ಪತ್ತರ ಗುಂಪು ಮಾಡುತ್ತ ಹೋದ. ಐನೂರ ಹದಿನಾಲ್ಕು ಹರಳು. ಎರಡು ಸೇರು ಹುಳಕ್ಕೆ, ಧೂಳಿಗೆ ಎಂದು ಅಯ್ಯನವರು ತಲೆಯಾಡಿಸಿದರು. ಆಮೇಲೆ ಕನ್ನಡಕ ತೆಗೆದು, ನಾನು ಹೆದರಿದ್ದ ಆ ಪ್ರಶ್ನೆಯನ್ನೇ ಕೇಳಿದರು. ಹಾಗಾದರೆ ಬಂದು ಕೊಡದೆ ಹೋದವರು ಯಾರು?

ಹೆಂಗಸರ ಸಾಲಿನಲ್ಲಿ ನಿಂಗವ್ವ ಒಬ್ಬಳೇ ಅಲ್ಲ, ಎಂಟೊಂಬತ್ತು ಮಂದಿ ತಲೆ ತಗ್ಗಿಸಿದ್ದು ನನಗೆ ಕಂಡಿತು. ದ್ಯಾವಪ್ಪ ಉತ್ತರಕ್ಕಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಅದು ಜೋಳದ ಲೆಕ್ಕದಾಗ ಬರೂದಿಲ್ಲರಿ" ಅಂದೆ.

ಅಯ್ಯನವರು ಎದ್ದು ಗೋಡೆಯ ಹತ್ತಿರ ಹೋಗಿ ಗೀಟಿನ ಸಾಲುಗಳನ್ನು ನೋಡಿದರು. ಆಮೇಲೆ ಲೇಖನಿ ಕೇಳಿ ಪಡೆದು, ನನ್ನ ಐನೂರ ಐವತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಕೈಯಿಂದ ಐನೂರ ಹನ್ನೆರಡು ಎಂದು ಬರೆದು ಸಹಿ ಮಾಡಿದರು. ಜೋಳ ಇಲ್ಲೇ ಇರಲಿ ಅಂದರು. ನನಗಿಂತ ಹೆಚ್ಚಾಗಿ ನಮ್ಮವರನ್ನು ನೋಡಿ ಅವರು ಹೇಳಿದ ಇನ್ನೊಂದು ಮಾತು ಮುಂದೆ ನಾವಿದ್ದ ಮೂರು ಸಭೆಗಳಲ್ಲೂ ನಮಗೆ ದಾರಿಯಾಯಿತು.

"ಮಾಸ್ತರ, ಆಕೀನ್ನ ಒಬ್ಬಾಕೀನ್ನ ವಾಡೇದ ಮುಂದ ಬಿಟ್ಟು ಹೋಗೂದು ನಂಬಿಕಿ ಅಲ್ಲ. ಆಕಿಗೆ ಸಾಕ್ಷಿ ಇಲ್ಲಧಂಗ ಮಾಡಿದ್ರಿ ನೀವು."

ಅಂದಿನಿಂದ ಅಳೆಯುವಾಗ ಇಬ್ಬರು, ಭಾನುವಾರ ಎಲ್ಲರೆದುರಿಗೆ ಓದುವುದು ಎಂದಾಯಿತು. ಬಂದವರ ಗುರುತು ಬೇರೆ, ಬಂದ ಕಾಳು ಬೇರೆ, ಎರಡನ್ನೂ ಕೂಡಿಸುವುದಿಲ್ಲ. ದ್ಯಾವಪ್ಪ ಕ್ಷಮೆ ಗಿಮೆ ಕೇಳುವ ಜಾತಿಯವನಲ್ಲ. ಎಂಟು ದಿನ ಬಿಟ್ಟು ಒಂದು ಜೊತೆ ಹೊಸ ಚಪ್ಪಲಿ ತಂದು ಹಣಮವ್ವನ ಹೊಸ್ತಿಲಲ್ಲಿ ಇಟ್ಟು ಹೋದ. ಆಕೆ ಅದನ್ನು ಮೆಟ್ಟಿದಳು. ಕಚ್ಚುತ್ತದೆ ಎಂದು ಅವನಿಗೆ ಕೇಳುವ ಹಾಗೆ ಬೈದಳು ಕೂಡ.

ಆದರೆ ಬುಟ್ಟಿ ಮಾತ್ರ ಮುಟ್ಟಲಿಲ್ಲ. ಮುಂದಿನ ಶನಿವಾರ ಇಳಿಹೊತ್ತಿಗೆ ಕೇರಿಯ ಹೆಂಗಸರು ಉಡಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು, ಯಾರೂ ಬರಲಿಲ್ಲ. ನಾನು ಕೇಳಲು ಹೋದೆ. ಮೊಣಕಾಲು ನೋಯುತ್ತದೆ ಅಂದಳು. ಅದೇ ಮೊಣಕಾಲಿನಿಂದ ಆಕೆ ಬೆಳಿಗ್ಗೆ ಹಳ್ಳದಿಂದ ಎರಡು ಕೊಡ ನೀರು ತಂದದ್ದನ್ನು ನೋಡಿದ್ದೆ. ವಾರ ವಾರವೂ ಕೇಳಿದೆ, ವಾರ ವಾರವೂ ಒಂದೊಂದು ನೆಪ. ಕೊನೆಗೆ ಬುಟ್ಟಿಯನ್ನು ನಾನೇ ಹೊತ್ತೆ, ಎರಡನೆಯವಳಾಗಿ ನಿಂಗವ್ವನನ್ನು ಕರೆದೆ. ವಾಡೆಗೆ ಬೇವಿನೆಲೆ ಎಷ್ಟು, ಬೂದಿ ಯಾವಾಗ, ಅಮಾವಾಸ್ಯೆಗೊಮ್ಮೆ ಹೇಗೆ ಕೈಯಾಡಿಸಬೇಕು ಎಂದೆಲ್ಲ ಹಣಮವ್ವ ಹೇಳಿಕೊಟ್ಟಳು. ನನ್ನ ರೊಟ್ಟಿ ತಿಂದಳು, ತನ್ನ ಪುಂಡಿಪಲ್ಲೆ ಕೊಟ್ಟಳು. ಎಲ್ಲ ಮೊದಲಿನ ಹಾಗೆಯೇ ಇತ್ತು, ಶನಿವಾರ ಒಂದನ್ನು ಬಿಟ್ಟು. ಶನಿವಾರ ಇಳಿಹೊತ್ತಿಗೆ ಅವಳ ಮನೆಯ ಬಾಗಿಲು ಮುಂದಕ್ಕೆ ಮಾಡಿರುತ್ತಿತ್ತು.

ಬುಟ್ಟಿ ಹೊತ್ತಮೇಲೆ ನನಗೂ ಸಪ್ಪಳದ ಭಾಷೆ ಬಂತು. ಮಳೆಗಾಲದಲ್ಲಿ ಕೆಲವು ಬಾಗಿಲುಗಳಲ್ಲಿ ಬಟ್ಟೆಯ ಅಡಿ ಏನೂ ಸಪ್ಪಳವಾಗುತ್ತಿರಲಿಲ್ಲ. "ಬಂತವ್ವ" ಎಂದು ನಾನೂ ಅನ್ನುತ್ತಿದ್ದೆ. ಅದನ್ನು ಅವಳ ಹಾಗೆ ಅನ್ನಲು, ಕೊಟ್ಟವರಿಗೂ ಕೊಡಲಾರದವರಿಗೂ ಒಂದೇ ದನಿಯಲ್ಲಿ ಅನ್ನಲು ನನಗೆ ಬಹಳ ತಿಂಗಳು ಹಿಡಿದವು.

ಮುಂದಿನ ಬೇಸಿಗೆಯಲ್ಲಿ ನಮಗೆ ಕೊಪ್ಪಳದ ಕಡೆಗೆ ವರ್ಗವಾಯಿತು. ಪುಸ್ತಕವನ್ನೂ ಬೀಗದ ಕೈಯನ್ನೂ ಸಭೆಯ ಮುಂದೆ ಒಪ್ಪಿಸಿದೆವು. ಬಂಡಿ ಹೊರಟಾಗ ಹುಣ್ಣಿಮೆಗೆ ಹುಲಿಗಿ ಜಾತ್ರೆಗೆ ಹೋಗುವ ಬಂಡಿಗಳೂ ದಾರಿಯಲ್ಲಿದ್ದವು, ಗೆಜ್ಜೆಯ ಸದ್ದೇ ಸದ್ದು. ಹಣಮವ್ವ ಹಳ್ಳದವರೆಗೆ ನಮ್ಮ ಜೊತೆ ನಡೆದು ಬಂದಳು. ನಾನು ಬಂಡಿ ಇಳಿದು ಅವಳ ಕೈ ಹಿಡಿದು, ಒಂದು ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದುದನ್ನು ಕೇಳಿದೆ, ನನ್ನ ಮೇಲೆ ಸಿಟ್ಟಿದೆಯೇ ಎಂದು.

ಅವಳು ನನ್ನ ಸೆರಗಿಗೆ ಅಂಟಿದ್ದ ಹೊಟ್ಟು ಕೊಡವಿದಳು.

"ಸಿಟ್ಟೆಲ್ಲೀದವ್ವ. ನಾಕು ಮಂದಿ ಮುಂದ ನಿಂತು ನನ್ನ ಹೆಸರು ಉಳಿಸಿದಿ. ಆದ್ರ ಬರಿಯೂದಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು."

ಅದಾದಮೇಲೆ ನಾನು ಆಕೆಯನ್ನು ನೋಡಲಿಲ್ಲ. ನಾಲ್ಕು ವರ್ಷದ ನಂತರ ನಿಂಗವ್ವ ಯಾರ ಕೈಯಿಂದಲೋ ಕಾರ್ಡು ಬರೆಸಿದ್ದಳು: ಹಣಮವ್ವ ತೀರಿಕೊಂಡಳು, ವಾಡೆ ತುಂಬಿವೆ, ಎಂದು ಎರಡೇ ಸಾಲು. ಅಂದಿನಿಂದ ಇಂದಿನವರೆಗೆ ನಾನು ಸಭೆಯ ಪುಸ್ತಕ ಬರೆಯುತ್ತಲೇ ಇದ್ದೇನೆ. ಕಾಸಿನ ಹೆಚ್ಚುಕಡಿಮೆ ಬಂದಿಲ್ಲ. ಯಾರ ಹೆಸರಿನ ಮುಂದೆ ಏನು ಬರೆಯುವ ಮೊದಲೂ ಆ ಮನೆಗೆ ಒಮ್ಮೆ ಹೋಗಿ, ಕೂತು, ಕೇಳಿ ಬರುತ್ತೇನೆ. ನಿಮ್ಮದು ಬಹಳ ನಿಧಾನ ಎಂದು ಹುಡುಗರು ಅನ್ನುತ್ತಾರೆ.

ಅಯ್ಯನವರು ಬರುವ ಹಿಂದಿನ ದಿನ, ಆ ಶುಕ್ರವಾರ ಸಂಜೆ, ನಾನು ಕೆಂಪು ಶಾಯಿಯ ಗೆರೆ ಎಳೆಯುತ್ತ ನಮ್ಮ ಅಂಗಳದಲ್ಲೇ ಕೂತಿದ್ದೆ. ಹತ್ತು ಹೆಜ್ಜೆ ಆಚೆ, ಎದುರಿನ ಕಟ್ಟೆಯ ಮೇಲೆ ಹಣಮವ್ವ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

"ಮುಗೀತೇನ ನಮ್ಮವ್ವ?" ಎಂದು ಅಲ್ಲಿಂದಲೇ ಕೇಳಿದಳು.

ಮುಗೀತು ಎಂದು ನಾನು ಪುಸ್ತಕ ಮುಚ್ಚಿದೆ.